ಬಾಗಿಲು ಬಿಗಿಯಾದರೆ

ಪುರಸಭೆ ಕಚೇರಿ, ತಿಜಿ ಉಜ್ರು
೧೨ ಜನವರಿ ೧೯೮೭

ತಿಜಿ ಉಜ್ರು ಪಟ್ಟಣದ ಜನರಿಗೆ,

ರಾಜಧಾನಿಯವರ ಹೊಸ ವರ್ಷ ಆಗಲೇ ಕಳೆದಿದೆ. ಅವರು ಶುಭಾಶಯದ ಕಾಗದ ಕಳಿಸಿದ್ದರು. ಅದರ ಹಿಂಭಾಗ ಖಾಲಿ ಇತ್ತು, ಇದರ ಕರಡನ್ನು ಅದರ ಮೇಲೇ ಬರೆದೆ. ನಮ್ಮ ಹೊಸ ವರ್ಷ ಇವತ್ತು.

ವರ್ಷಕ್ಕೊಮ್ಮೆ ಅಧ್ಯಕ್ಷನಾದವನು ಊರಿಗೆ ವರದಿ ಒಪ್ಪಿಸಬೇಕೆಂದು ನಿಯಮ. ನನಗಿಂತ ಹಿಂದಿನವರು ಟೈಪ್ ಮಾಡಿಸಿ ಅಂಟಿಸುತ್ತಿದ್ದರು. ನೀವು ಅದನ್ನು ಕಿತ್ತು ಕಡಲೆ ಕಟ್ಟಿಕೊಳ್ಳುತ್ತಿದ್ದಿರಿ. ನಾನು ಬಡಗಿ, ಬೇಗ ಶಾಲೆ ಬಿಟ್ಟವನು, ಕೈಯಲ್ಲೇ ಬರೆದಿದ್ದೇನೆ. ತಪ್ಪು ಹುಡುಕುವ ಮೇಷ್ಟರುಗಳು ಹುಡುಕಿಕೊಳ್ಳಲಿ. ನನ್ನನ್ನು ಆರಿಸಿದವರು ನೀವೇ. ಆರಿಸಲು ಇನ್ನೊಬ್ಬ ಇರಲಿಲ್ಲ ಎಂಬುದು ಬೇರೆ ಮಾತು.

ಬಸ್ಸು ದಿನಾ ಬರುತ್ತದೆ ಎಂದು ಕಾಗದದಲ್ಲಿದೆ. ಡ್ರೈವರನಿಗೆ ಓದಲು ಬರುವುದಿಲ್ಲವೆಂದು ಕಾಣುತ್ತದೆ. ದೀಪದ ಕಂಬಗಳು ಬಂದಿವೆ, ದೀಪ ಬಂದಿಲ್ಲ. ಕಂಬಕ್ಕೆ ಕತ್ತೆ ಕಟ್ಟುವುದನ್ನು ನಿಲ್ಲಿಸಿ. ಕಟುಕನು ಬೀದಿಗೆ ರಕ್ತ ಬಿಡುವುದನ್ನು ನಿಲ್ಲಿಸದಿದ್ದರೆ, ಅವನ ಅಂಗಡಿಯ ಬಾಗಿಲು ಮಾಡಿದವನು ನಾನೇ, ಕಿತ್ತುಕೊಂಡು ಬರಲೂ ಬಲ್ಲೆ. ಬುಗ್ಗೆಯ ನೀರು ಕೆಸರಾಗಿದೆ ಎಂದು ಹೆಂಗಸರು ಹೇಳಿದ್ದು ಸರಿ. ಮಳೆ ನಿಂತ ಮೇಲೆ ತಿಳಿಯಾಗುತ್ತದೆ.

ಮೇಲಿನ ಕೇರಿಯ ವಿಷಯ. ಗೋಡೆ ಬಿರುಕು ಬಿಟ್ಟಿದೆ ಎಂದು ಗಲಾಟೆ ಮಾಡಿದಿರಿ. ಎಂಜಿನಿಯರ್ ಬಂದರು, ನೋಡಿದರು, ನನ್ನ ಮನೆಯಲ್ಲಿ ಉಂಡರು, ಹೋದರು. ಹೆದರುವಂಥದ್ದೇನೂ ಇಲ್ಲ. ನಮ್ಮ ಅಜ್ಜಂದಿರು ಕಟ್ಟಿದ ಕೇರಿ ಅದು, ಎಷ್ಟೋ ಚಳಿಗಾಲ ಕಂಡಿದೆ. ಬಾಗಿಲು ಬಿಗಿಯಾಗಿದ್ದರೆ ಮರ ಮಳೆಗೆ ಉಬ್ಬಿದೆ ಎಂದರ್ಥ, ಅಷ್ಟೆ. ಮರ ನೀರು ಕುಡಿಯುತ್ತದೆ. ನನ್ನನ್ನು ಕರೆಯಿರಿ, ಉಜ್ಜುಗೊರಡು ತಂದು ಕೀಸಿಕೊಡುತ್ತೇನೆ. ಕೂಲಿ ಬೇಡ, ಒಂದು ಲೋಟ ಕಾಫಿ ಸಾಕು.

ಎಲ್ಲರ ಮನೆಯಲ್ಲೂ ಇವತ್ತು ಕುಸ್ಕುಸ್ ಬೇಯಲಿ, ಮೇಲೊಂದು ಕೋಳಿಯಿರಲಿ. ಒಲೆಗೆ ಹೊಸ ವರ್ಷದ ಕಲ್ಲು ತರುವವರು ಮೇಲಿನ ಕೇರಿಯ ಹಿಂದಿನ ಇಳಿಜಾರಿನಿಂದ ಕೀಳಬೇಡಿ, ಹೊಳೆಯಿಂದ ತನ್ನಿ. ಕಾರಣ ಕೇಳಬೇಡಿ.

ಮೆಜಿಯಾನ್
ಅಧ್ಯಕ್ಷ


ರೂಬೇ, ಫ್ರಾನ್ಸ್
೨೦ ಜನವರಿ ೧೯೮೭

ಪ್ರೀತಿಯ ದ್ದಾ ಮೆಜಿಯಾನ್ ಅವರಿಗೆ,

ನಿಮ್ಮ ಹೊಸ ವರ್ಷದ ಕಾಗದವನ್ನು ನಮ್ಮೂರಿನವರೊಬ್ಬರು ಗೋಡೆಯಿಂದ ಕಿತ್ತು ಇಲ್ಲಿಯವರೆಗೂ ತಂದಿದ್ದಾರೆ. ಇಲ್ಲಿನ ನಮ್ಮವರ ಕಾಫಿ ಅಂಗಡಿಯಲ್ಲಿ ಜೋರಾಗಿ ಓದಿದರು. ಕತ್ತೆಯ ಮಾತು ಬಂದಾಗ ಎಲ್ಲರೂ ನಕ್ಕರು.

ನಾನು ಅದನ್ನು ಕೇಳಿ ತಂದು ಮನೆಯಲ್ಲಿ ಮತ್ತೆ ಓದಿದೆ. ದ್ದಾ, ನೀವು ಯಾವ ವಿಷಯಕ್ಕೂ ಎರಡು ಮಾತಿಗಿಂತ ಹೆಚ್ಚು ಖರ್ಚು ಮಾಡಿದವರಲ್ಲ. ನಮ್ಮ ಕೇರಿಯ ಬಾಗಿಲುಗಳಿಗೆ ಮಾತ್ರ ಅಷ್ಟೊಂದು ಬರೆದಿದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ. ಅಮ್ಮನ ಮನೆ ಗಟ್ಟಿಯಾಗಿದೆಯೇ? ಅವಳೊಬ್ಬಳೇ ಅಲ್ಲಿರುವುದು. ನೀವು ನಮ್ಮಪ್ಪನ ಜೊತೆ ಒಂದೇ ಗರಗಸದ ಎರಡು ತುದಿ ಹಿಡಿದು ದುಡಿದವರು, ನಾನು ದ್ದಾ ಎಂದು ಕರೆಯುವ ಹಿರಿಯರು, ನನಗೆ ಸುಳ್ಳು ಹೇಳುವುದಿಲ್ಲ.

ಭಯವಿದ್ದರೆ ಒಂದು ಮಾತು ಬರೆಯಿರಿ, ಇಲ್ಲಿಗೆ ಕರೆಸಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಅವಳಿಗೆ ಬೇರೆ ಕೋಣೆಯೇ ಇದೆ. ಕಿಟಕಿಯಿಂದ ಮರ ಕಾಣುತ್ತದೆ. ನಿಮ್ಮ ಅಳಿಯನೂ ಹಾಗೇ ಅನ್ನುತ್ತಿರುತ್ತಾರೆ.

ಇದನ್ನು ಅವಳಿಗೆ ಓದಿ ಹೇಳಿ. ಬಾಗಿಲಿನ ಭಾಗ ಬಿಟ್ಟುಬಿಡಿ.

ನಿಮ್ಮ ಮಗಳಂಥ
ಜುಹೆರ್


ತಿಜಿ ಉಜ್ರು
೨೮ ಜನವರಿ ೧೯೮೭

ಜುಹೆರ್,

ನಿನ್ನ ಪತ್ರ ಬಂತು, ಓದಿ ಹೇಳಿದೆ. ನಿನ್ನ ತಾಯಿಯ ಬುದ್ಧಿ ನಿನಗೆ ಗೊತ್ತು. ನಾನು ಹೋದಾಗ ಜವೆ ರೊಟ್ಟಿ ತಟ್ಟುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

"ಮಗಳು ಕರೀತಿದಾಳೆ, ಹೋಗು ನ್ನಾ ಯಮಿನಾ," ಅಂದೆ.

"ಎಲ್ಲಿಗೆ? ಆ ಮಂಜಿನ ಊರಿಗಾ? ಅಲ್ಲಿ ಪಕ್ಕದ ಮನೇಲಿ ಯಾರು ಸತ್ರು ಅಂತ ವಾಸನೆ ಬಂದ್ಮೇಲೇ ಗೊತ್ತಾಗೋದಂತೆ."

"ಮಗಳ ಮನೆ ಕಣೇ ಅದು."

"ಮಗಳ ಮನೆ ಅಲ್ಲ, ಅಳಿಯನ ಮನೆ. ಒಲೆಗೆ ಹೊಸ ಕಲ್ಲು ಇಟ್ಟಾಯ್ತಲ್ಲೋ. ಕಲ್ಲು ಇಟ್ಮೇಲೆ ವರ್ಷ ತುಂಬೋ ತನಕ ಒಲೆ ಬಿಟ್ಟು ಹೋಗೋರುಂಟಾ? ನೀನು ಅಧ್ಯಕ್ಷ ಆಗಿ ಇಷ್ಟೂ ಮರ್ತೆಯಾ?"

ಹೊಸ ವರ್ಷದ ರಾತ್ರಿ ಕುಸ್ಕುಸ್ ತಟ್ಟೆಯಲ್ಲಿ ನಿನ್ನ ಚಮಚವನ್ನೂ ನೆಟ್ಟಿದ್ದಳಂತೆ. ದೂರ ಇರುವವರ ಪಾಲಿನದು. ನಿನ್ನ ಗಂಡನದನ್ನೂ ನೆಟ್ಟಳಂತೆ, ಅದು ಬಿದ್ದುಬಿಟ್ಟಿತಂತೆ. "ಅವನಿಗೆ ಹಸಿವಿಲ್ಲ ಅಂತ ಕಾಣುತ್ತೆ," ಎಂದು ನಕ್ಕಳು. ನೀನು ತಲೆ ಕೆಡಿಸಿಕೊಳ್ಳಬೇಡ, ಹೆಂಗಸರ ಮಾತು.

ಬಾಗಿಲನ್ನು ಮೂರನೆಯ ಸಲ ಕೀಸಿದೆ. "ಕುರ್ಚಿ ಮೇಲೆ ಕೂತು ನಿನ್ನ ಕೈ ಕೆಟ್ಟಿದೆ ಕಣೋ, ಕೀಸಿ ಕೀಸಿ ಬಾಗ್ಲೇ ಕಿಟಕಿ ಆಗೋಯ್ತು, ಇನ್ನೂ ಕತ್ತೆ ಹಾಗೆ ಕಿರುಚುತ್ತೆ," ಅಂದಳು. ಕೆಳಗೆ ಬಿದ್ದ ಮರದ ಚಕ್ಕೆಯನ್ನು ಗುಡಿಸಿ ಒಲೆಗೆ ಹಾಕಿದಳು, ಚೆನ್ನಾಗಿ ಉರಿಯಿತು.

ನೀನು ಕೇಳಿದ್ದಕ್ಕೆ ಉತ್ತರ: ಮನೆ ನಿಂತಿದೆ. ಆದರೆ ಕರೆಸಿಕೊಳ್ಳುವ ಕಾಗದವನ್ನು ತಕ್ಷಣ ಕಳಿಸು. ಬರುವ ತಿಂಗಳು ನೋಡೋಣ, ಮುಂದಿನ ತಿಂಗಳು ನೋಡೋಣ ಅನ್ನಬೇಡ. ಕಾಗದ ಕೈಗೆ ಬಂದರೆ ನಾನೇ ಅವಳನ್ನು ಹೊತ್ತುಕೊಂಡಾದರೂ ಹಡಗು ಹತ್ತಿಸುತ್ತೇನೆ. ಯಾಕೆ ಏನು ಎಂದು ಕೇಳುತ್ತಾ ಕೂರಬೇಡ. ದೊಡ್ಡವರು ಹೇಳಿದರೆ ಮಾಡಬೇಕು.

ಮೆಜಿಯಾನ್


ರೂಬೇ
೫ ಫೆಬ್ರವರಿ ೧೯೮೭

ಪ್ರೀತಿಯ ದ್ದಾ ಮೆಜಿಯಾನ್ ಅವರಿಗೆ,

ನಿಮ್ಮ ಬೈಗುಳ ಓದಿ ಊರಿಗೆ ಬಂದಹಾಗಾಯಿತು. ಅಮ್ಮನಿಗೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ನೀಲಿ ಬಣ್ಣದ್ದು. ಹಾಕಿಕೊಳ್ಳುವುದಿಲ್ಲ ಅನ್ನುತ್ತಾಳೆ, ಆಮೇಲೆ ಹಾಕಿಕೊಳ್ಳುತ್ತಾಳೆ.

ಕಾಗದದ ವಿಷಯ. ಅದಕ್ಕೆ ಮನೆ ಯಜಮಾನರ ಸಹಿ ಬೇಕು, ಅವರು ಬೇರೆ ಊರಿನಲ್ಲಿ ಕೆಲಸದ ಮೇಲಿದ್ದಾರೆ. ಕೋಣೆಗೂ ಸುಣ್ಣ ಹೊಡೆಸಬೇಕು. ಚಳಿ ಕಳೆದು ವಸಂತ ಬರಲಿ ದ್ದಾ, ಬಾದಾಮಿ ಹೂ ಬಿಡುವ ಹೊತ್ತಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ನೀವು ಅವಸರ ಮಾಡುವುದು ನೋಡಿದರೆ ಅಮ್ಮ ದಿನಾ ನಿಮ್ಮ ಜೊತೆ ಜಗಳವಾಡುತ್ತಿರಬೇಕು, ಅವಳಿಂದ ಬಿಡುಗಡೆ ಬೇಕಾಗಿರಬೇಕು.

ಮನೆ ನಿಂತಿದೆ ಎಂದು ಬರೆದಿರಿ, ಮನಸ್ಸು ಹಗುರವಾಯಿತು. ಹೊಸ ವರ್ಷದ ಕಾಗದದಲ್ಲೂ ಅದನ್ನೇ ಬರೆದಿದ್ದಿರಿ. ಬೇರೆ ಅಧ್ಯಕ್ಷರಾಗಿದ್ದರೆ ನಾನು ನಂಬುತ್ತಿರಲಿಲ್ಲ.

ಜುಹೆರ್


ಪುರಸಭೆ ಕಚೇರಿ, ತಿಜಿ ಉಜ್ರು
೧೦ ಫೆಬ್ರವರಿ ೧೯೮೭

ಮೇಲಿನ ಕೇರಿಯ ಎಲ್ಲ ಮನೆಯವರಿಗೆ,

ಮಳೆ ನಿಲ್ಲುವ ಲಕ್ಷಣವಿಲ್ಲ. ನೀವೆಲ್ಲ ಕೇರಿ ಬಿಟ್ಟು ಕೆಳಗೆ ಶಾಲೆಗೆ ಬರಬೇಕು. ಇದು ಕೋರಿಕೆಯಲ್ಲ.

ಈಗಲೇ ಯಾಕಲ್ಲ ಎಂದು ಕೇಳುತ್ತೀರಿ. ಜಿಲ್ಲಾ ಕಚೇರಿಗೆ ಡೇರೆ ಕೇಳಿ ಬರೆದಿದ್ದೆ, ಡೇರೆಯೂ ಬರಲಿಲ್ಲ, ಉತ್ತರವೂ ಬರಲಿಲ್ಲ. ಶಾಲೆಯಲ್ಲಿ ಬುಧವಾರದವರೆಗೆ ಪಾಠವಿದೆ, ವಾರದ ರಜೆಗೆ ಮೊದಲು ಬೀಗದ ಕೈ ಕೊಡುವುದಿಲ್ಲ ಎಂದು ಹೆಡ್‌ಮಾಸ್ತರರು ಕೂತಿದ್ದಾರೆ. ಗುರುವಾರದಿಂದ ರಜೆ. ಆದರೆ ಗುರುವಾರ ಕಡದ ದಿನ, ಜನವರಿ ಕಡ ತಂದ ದಿನ. ಅವತ್ತು ನಿಮ್ಮಲ್ಲಿ ಒಬ್ಬರೂ ಹೊಸಿಲು ದಾಟುವುದಿಲ್ಲ ಎಂದು ನನಗೆ ಗೊತ್ತು. ನನ್ನ ತಾಯಿಯೂ ದಾಟುತ್ತಿರಲಿಲ್ಲ. ಒಬ್ಬೊಬ್ಬರ ಮನೆ ಮುಂದೆ ನಿಂತು ಕಿರುಚಿಕೊಳ್ಳುವ ಶಕ್ತಿ ನನ್ನ ಗಂಟಲಿಗಿಲ್ಲ.

ಆದ್ದರಿಂದ ಶುಕ್ರವಾರ ಬೆಳಿಗ್ಗೆ. ಕಂಬಳಿ, ಹಿಟ್ಟು, ಎಣ್ಣೆ ತನ್ನಿ. ಮೇಕೆ ತರಬೇಡಿ ಎಂದರೆ ನೀವು ಕೇಳುವುದಿಲ್ಲ, ತನ್ನಿ.

ಮೆಜಿಯಾನ್
ಅಧ್ಯಕ್ಷ


ರೂಬೇ
೧೩ ಫೆಬ್ರವರಿ ೧೯೮೭

ಪ್ರೀತಿಯ ದ್ದಾ ಮೆಜಿಯಾನ್ ಅವರಿಗೆ,

ಹೋದ ಪತ್ರ ಹಾಕಿದ ಮೇಲೆ ನನಗೆ ನಿದ್ದೆಯಿಲ್ಲ. ನಿಮಗೆ ಸುಳ್ಳು ಬರೆದೆ. ಬೇರೆ ಕೋಣೆ ಇಲ್ಲ, ಕಿಟಕಿಯೂ ಇಲ್ಲ. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಇನ್ನೊಬ್ಬ ಹೆಂಗಸಿನ ಜೊತೆ ಒಂದೇ ಮಂಚದಲ್ಲಿ ಸರದಿಯ ಮೇಲೆ ಮಲಗುತ್ತೇನೆ. ಅವಳು ಕೆಲಸಕ್ಕೆ ಹೋದಾಗ ನಾನು, ನಾನು ಹೋದಾಗ ಅವಳು. ಗಂಡ ಕಳೆದ ಬೇಸಗೆಯಲ್ಲೇ ಬಿಟ್ಟುಹೋದ. ಚಮಚ ಬಿದ್ದಿತು ಎಂದು ನೀವು ಬರೆದಿದ್ದಿರಿ. ಅಮ್ಮನಿಗೆ ಯಾರೂ ಹೇಳದೆಯೇ ಗೊತ್ತಾಗಿದೆ.

ನೀವು ಹಡಗು ಹತ್ತಿಸುತ್ತೇನೆ ಎಂದದ್ದನ್ನು ಮತ್ತೆ ಓದಿದೆ. ಅಮ್ಮ ಊರು ಬಿಡಲಿ ಎಂದು ನೀವು ಹಿಂದೆಂದೂ ಬಾಯಿ ಬಿಟ್ಟು ಹೇಳಿದವರಲ್ಲ. ಏನೋ ಇದೆ.

ಈಗ ನನ್ನ ಜೊತೆ ಕೆಲಸ ಮಾಡುವವಳೊಬ್ಬಳ ಅತ್ತೆ ಮಹಡಿಯ ಮೇಲಿನ ಕೋಣೆ ಕೊಡುತ್ತೇನೆ ಅಂದಿದ್ದಾಳೆ. ಸಣ್ಣದು, ಆದರೆ ಒಲೆ ಇದೆ. ಈ ತಿಂಗಳ ಕೊನೆಗೆ ನಾನೇ ಬರುತ್ತೇನೆ. ಅಮ್ಮನಿಗೆ ಗಂಟು ಕಟ್ಟಿಕೊಳ್ಳಲು ಹೇಳಿ. ಒಲೆಯ ಕಲ್ಲು ಮೂರನ್ನೂ ಚೀಲದಲ್ಲಿ ಹಾಕಿಕೊಳ್ಳಲಿ, ಇಲ್ಲಿಯೇ ಹೂಡೋಣ, ವರ್ಷ ಮುರಿಯುವುದಿಲ್ಲ ಎಂದು ಹೇಳಿ. ಗಂಡನ ವಿಷಯವನ್ನೂ ಓದಿ. ಬಿಡಬೇಡಿ, ಎಲ್ಲ ಓದಿ.

ಜುಹೆರ್


ತಿಜಿ ಉಜ್ರು
೧೫ ಫೆಬ್ರವರಿ ೧೯೮೭

ಜುಹೆರ್,

ಕೂತುಕೊಂಡು ಓದು. ನಿನ್ನ ತಾಯಿ ಇಲ್ಲ.

ಗುರುವಾರ ಮಧ್ಯಾಹ್ನ ಮೇಲಿನ ಕೇರಿಯ ಹಿಂದಿನ ಗುಡ್ಡ ಜಾರಿತು. ಅಂಚೆ ಕಚೇರಿಯ ತಂತಿಯೂ ಅದರ ಜೊತೆ ಹೋಗಿದೆ. ಬಂದರಿಗೆ ಹೊರಟ ಲಾರಿಯವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಬೇರೆ ದಿನವಾಗಿದ್ದರೆ ಆ ಹೊತ್ತಿನಲ್ಲಿ ಹೆಂಗಸರು ಬುಗ್ಗೆಯ ಹತ್ತಿರ, ಗಂಡಸರು ಕಾಫಿ ಅಂಗಡಿಯಲ್ಲಿ ಇರುತ್ತಿದ್ದರು. ಕೇರಿ ಮುಕ್ಕಾಲು ಖಾಲಿ ಇರುತ್ತಿತ್ತು. ಅದು ಕಡದ ದಿನ. ಜನವರಿಯನ್ನು ಅಣಕಿಸಿದ ಮುದುಕಿಯನ್ನು ಕೊಲ್ಲಲು ಜನವರಿಯು ಫೆಬ್ರವರಿಯಿಂದ ಒಂದು ದಿನ ಕಡ ತಂದಿತು ಎಂದು ನಿನ್ನಜ್ಜಿ ನಿನಗೂ ಹೇಳಿರಬೇಕು. ಆ ಮುದುಕಿಯ ಹಾಗೆ ಹೊರಗೆ ಸಿಕ್ಕಿಬೀಳಬಾರದು ಎಂದು ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೇ ಇದ್ದರು. ಶುಕ್ರವಾರ ಬೆಳಿಗ್ಗೆಗೆ ಗಂಟು ಕಟ್ಟಿ ಇಟ್ಟಿದ್ದರು.

ಮೊದಲು ಸದ್ದು ಬಂತು. ಹೆಚ್ಚಿನವರು ಓಡಿಬಂದರು. ಎಲ್ಲರೂ ಬರಲಿಲ್ಲ. ನಿನ್ನ ತಾಯಿಯನ್ನು ಪಕ್ಕದ ಮನೆಯ ಶಾಭಾ ಕೂಗಿದಳು. ಇವತ್ತು ಹೊಸಿಲು ದಾಟುವ ದಿನವಲ್ಲ ಎಂದು ಇವಳು ಒಳಗೇ ಕೂತಳು. ಹಳೇ ಕಾಲದವಳು, ಹಠಮಾರಿ. ನಿನಗೆ ಗೊತ್ತಲ್ಲ.

ನಿನ್ನಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಕಾಲಲ್ಲಿ ನೀನು ಕಳಿಸಿದ ನೀಲಿ ಕಾಲುಚೀಲವಿತ್ತು. ತೊಳೆದ ಹೆಂಗಸರು ನನಗೆ ತಂದುಕೊಟ್ಟರು, ಇಟ್ಟುಕೊಂಡಿದ್ದೇನೆ.

ಬರೆಯಲು ಇನ್ನೇನೂ ಇಲ್ಲ.

ಮೆಜಿಯಾನ್


ತಿಜಿ ಉಜ್ರು
೨೪ ಫೆಬ್ರವರಿ ೧೯೮೭

ಜುಹೆರ್,

ನಿನ್ನ ಹದಿಮೂರನೆಯ ತಾರೀಖಿನ ಪತ್ರ ಇವತ್ತು ಬಂತು. ಎಲ್ಲ ಓದಿ ಅಂದಿದ್ದೆ. ಸ್ಮಶಾನಕ್ಕೆ ಹೋಗಿ, ಯಾರೂ ಇಲ್ಲದಿದ್ದಾಗ, ಎಲ್ಲ ಓದಿದೆ. ಗಂಡನ ವಿಷಯವನ್ನೂ. ಇದನ್ನು ಯಾರಿಗೂ ಹೇಳಬೇಡ, ಅಧ್ಯಕ್ಷನಿಗೆ ಹುಚ್ಚು ಹಿಡಿದಿದೆ ಅನ್ನುತ್ತಾರೆ.

ಒಲೆಯ ಕಲ್ಲುಗಳು ಸಿಗಲಿಲ್ಲ. ಎಲ್ಲವೂ ಕಲ್ಲೇ ಆಗಿದೆ ಅಲ್ಲಿ.

ಮೆಜಿಯಾನ್


ರೂಬೇ
೩೦ ಆಗಸ್ಟ್ ೧೯೮೭

ದ್ದಾ ಮೆಜಿಯಾನ್ ಅವರಿಗೆ,

ಮಾರ್ಚಿನಲ್ಲಿ ನಾನು ಊರಿಗೆ ಬಂದಿದ್ದು ನಿಮಗೆ ಗೊತ್ತು. ಇದ್ದಷ್ಟು ದಿನವೂ ನೀವು ಜಿಲ್ಲಾ ಕಚೇರಿಗೆ ಹೋಗಿದ್ದೀರಿ ಎಂದೇ ಹೇಳಿದರು. ಹೊರಡುವ ದಿನ ಬಸ್ಸಿನಿಂದ ನೋಡಿದೆ, ನಿಮ್ಮ ಬಡಗಿ ಕೊಟ್ಟಿಗೆಯ ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು.

ಆಮೇಲೆ ಬರೆಯಬೇಕೆಂದು ಕೂತೆ, ಎದ್ದೆ. ಇವತ್ತು ಬರೆದು ಮುಗಿಸುತ್ತೇನೆ.

ನಾನು ಶಾಲೆಯಲ್ಲಿ ಶಾಭಾಳ ಚಾಪೆಯ ಮೇಲೆ ಮಲಗಿದ್ದೆ. ಅಮ್ಮ ಕಡದ ದಿನವೆಂದು ಹೊರಗೆ ಬರಲಿಲ್ಲವಂತೆ ಹೌದೇ ಎಂದು ಕೇಳಿದೆ. ಅವಳು ಚಾಪೆಯ ಅಂಚನ್ನು ಕೀಳುತ್ತಾ ಕೂತಳು. ಆಮೇಲೆ, "ದೊಡ್ಡವ್ರು ಹಾಗಂತ ಬರ್ದಿದ್ರೆ ಹಾಗೇ ಇರ್ಬೇಕು ಬಿಡು ತಂಗಿ," ಅಂದಳು. ಅಷ್ಟೇ.

ದ್ದಾ, ನಮ್ಮಮ್ಮ ಕಡದ ದಿನಕ್ಕೆ ಹೆದರಿದವಳಲ್ಲ. ಮದುವೆಯಾದ ವರ್ಷ ಅತ್ತೆಯ ಮೇಲಿನ ಸಿಟ್ಟಿಗೆ ಅದೇ ದಿನ ಮೇಕೆ ಹೊಡೆದುಕೊಂಡು ಹೋಗಿ, ಸಂಜೆಗೆ ಹೊಟ್ಟೆ ತುಂಬಿದ ಮೇಕೆಗಳ ಜೊತೆ ತಿರುಗಿ ಬಂದವಳು. ಸಾಯುವತನಕ ಅದನ್ನು ಹೇಳಿಕೊಂಡು ನಗುತ್ತಿದ್ದಳು. ನಿಮಗೂ ಹೇಳಿದ್ದಾಳೆ. ನಿಮ್ಮೆದುರಿಗೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ನಾನು ಕೋಪಕ್ಕೆ ಬರೆಯುತ್ತಿಲ್ಲ. ಸುಣ್ಣ ಹೊಡೆಸಬೇಕು ಎಂದು ಬರೆದ ಕೈ ಇದು, ಯಾರ ಮೇಲೆ ಕೋಪ ಮಾಡಲಿ? ನನಗೆ ಒಂದೇ ಒಂದು ತಿಳಿಯಬೇಕು. ಹೊಸ ವರ್ಷಕ್ಕೆ ದೂರ ಇರುವವರ ಚಮಚ ನೆಡುತ್ತೇವೆ, ಸತ್ತವರದನ್ನು ನೆಡುವುದಿಲ್ಲ. ಈ ಸಲ ಅವಳ ಚಮಚ ನೆಡದೆ ಇರುವ ಮೊದಲು ತಿಳಿಯಬೇಕು.

ಅಮ್ಮ ಬರುವುದಿಲ್ಲ ಅಂದಳೇ? ಇಲ್ಲಾ, ಬಾಗಿಲು ತೆರೆಯಲಿಲ್ಲವೇ?

ಜುಹೆರ್


ಪುರಸಭೆ ಕಚೇರಿ, ತಿಜಿ ಉಜ್ರು
೧೨ ಜನವರಿ ೧೯೮೮

ತಿಜಿ ಉಜ್ರು ಪಟ್ಟಣದ ಜನರಿಗೆ,

ವರ್ಷದ ವರದಿ.

ಬಸ್ಸು ಈಗ ದಿನಾ ಬರುತ್ತದೆ. ದೀಪವೂ ಬಂದಿದೆ. ಗುಡ್ಡ ಜಾರಿದ್ದು ನೋಡಲು ರಾಜಧಾನಿಯಿಂದ ದೊಡ್ಡವರು ಬರುತ್ತಾರೆ ಎಂದು ಅವಸರದಲ್ಲಿ ಹಾಕಿದರು. ದೊಡ್ಡವರು ಬರಲಿಲ್ಲ, ದೀಪ ಉಳಿದಿದೆ. ಡೇರೆಗಳು ಬೇಸಗೆಯಲ್ಲಿ ಬಂದವು. ಬುಗ್ಗೆ ಇಲ್ಲ. ಮೇಲಿನ ಕೇರಿ ಇಲ್ಲ. ಅಲ್ಲಿಂದ ಉಳಿದುಬಂದವರು ಈ ಚಳಿಗಾಲವನ್ನು ಡೇರೆಯಲ್ಲೇ ಕಳೆಯುತ್ತಿದ್ದಾರೆ. ಹೊಸ ಮನೆಗಳಿಗೆ ತಳಪಾಯ ತೋಡಿದ್ದೇವೆ, ಸಿಮೆಂಟು ಬಂದಿಲ್ಲ. ರಾಜೀನಾಮೆ ಬರೆದು ಕಳಿಸಿದ್ದೆ. ಡೇರೆ ಕೇಳಿ ಬರೆದ ಕಾಗದ ಹೋದ ಕಡೆಗೇ ಅದೂ ಹೋಗಿರಬೇಕು.

ಹೋದ ವರ್ಷ ಇದೇ ಗೋಡೆಯ ಮೇಲೆ, ಮೇಲಿನ ಕೇರಿಗೆ ಹೆದರುವಂಥದ್ದೇನೂ ಇಲ್ಲ ಎಂದು ಬರೆದಿದ್ದೆ. ಎಂಜಿನಿಯರ್ ಹಾಗೆ ಹೇಳಿರಲಿಲ್ಲ. ನನ್ನ ಮನೆಯಲ್ಲಿ ಊಟಕ್ಕೆ ಕೂತು, ಈ ಮಳೆಗಾಲ ಮುಗಿಯುವ ಮೊದಲು ಕೇರಿ ಖಾಲಿ ಮಾಡಿಸಿ ಎಂದು ಹೇಳಿ ಹೋದರು. ಖಾಲಿ ಮಾಡಿಸಿ ಎಲ್ಲಿ ಇಡುವುದು ಎಂದು ನಾನು ಕೇಳಿದೆ. ಅದು ನನ್ನ ಇಲಾಖೆಯಲ್ಲ ಅಂದರು. ಜಾಗ ಸಿಗುವ ತನಕ ನಿಮ್ಮನ್ನು ಹೆದರಿಸುವುದು ಬೇಡ ಎಂದುಕೊಂಡೆ. ಆಮೇಲೆ ದಿನ ಗೊತ್ತು ಮಾಡಿದೆ. ಗುರುವಾರ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಶುಕ್ರವಾರವಾಗಲಿ ಎಂದವನು ನಾನು. ನೀವು ಹೊರಡುವುದಿಲ್ಲ ಎಂದು ಕಡದ ದಿನದ ಮೇಲೆ ಹಾಕಿದೆ. ನಿಮ್ಮಲ್ಲಿ ಒಬ್ಬರನ್ನೂ ಕೇಳಿ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಅವತ್ತು ಹೊರಗೆ ಕಾಲಿಡಲು ನನಗೇ ಇಷ್ಟವಿರಲಿಲ್ಲ. ಗುಡ್ಡ ಜಾರುವಾಗ ನಾನೂ ಬಾಗಿಲು ಹಾಕಿಕೊಂಡು ಮನೆಯೊಳಗೇ ಕೂತಿದ್ದೆ.

ನ್ನಾ ಯಮಿನಾ ಹಠ ಹಿಡಿದು ಒಳಗೇ ಕೂತಳು ಎಂದು ನಾನು ಹೇಳಿದ್ದನ್ನು ನೀವೆಲ್ಲ ಕೇಳಿದ್ದೀರಿ. ನನ್ನ ಮುಖ ನೋಡಿ ಯಾರೂ ಅಲ್ಲ ಅನ್ನಲಿಲ್ಲ. ಶಾಭಾ ಹೊರಗಿನಿಂದ ಒದ್ದಳು, ಅವಳು ಒಳಗಿನಿಂದ ಎಳೆದಳು. "ಮೆಜಿಯಾನ್‌ನ ಕರೀರೇ, ಅವನ ಬಾಗ್ಲು ಬರ್ತಿಲ್ಲ," ಎಂದು ಯಮಿನಾ ಕೂಗಿದಳಂತೆ. ಅದು ನನ್ನ ಮನೆಯವರೆಗೆ ಕೇಳಿಸದಷ್ಟು ದೂರವಲ್ಲ. ಸದ್ದಿನಲ್ಲಿ ಕೇಳಿಸಲಿಲ್ಲ.

ಆ ಬಾಗಿಲನ್ನು ಮಣ್ಣಿನಿಂದ ತೆಗೆಸಿ ನನ್ನ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ನೋಡಬೇಕೆನ್ನುವವರು ಬಂದು ನೋಡಿ. ಹಳೆಯ ಅಳತೆಕೋಲು ಹಿಡಿದು ನೋಡಿದ್ದೇನೆ, ಮರ ಕೂದಲಿನಷ್ಟೂ ಉಬ್ಬಿಲ್ಲ. ಹಳೆಯ ಓಕ್ ಅದು, ನೀರು ಕುಡಿಯುವ ಜಾತಿಯಲ್ಲ. ವಾಲಿದ್ದು ಚೌಕಟ್ಟು, ಚೌಕಟ್ಟಿನ ಜೊತೆ ಗೋಡೆ, ಗೋಡೆಯ ಜೊತೆ ನೆಲ. ಮೊದಲ ಸಲ ಕೀಸಿದಾಗಲೇ ಕೈಗೆ ಗೊತ್ತಾಗಿತ್ತು. ಮತ್ತೆರಡು ಸಲ ಕೀಸಿ ಕಾಫಿ ಕುಡಿದು ಬಂದೆ.

ಇದರ ಒಂದು ಪ್ರತಿ ಇವತ್ತೇ ರೂಬೇಗೆ ಹೋಗುತ್ತದೆ. ಅಲ್ಲಿಂದ ಒಬ್ಬಳು ಕೇಳಿದ್ದಳು. ಅವಳೊಬ್ಬಳಿಗೆ ಮಾತ್ರ ಗುಟ್ಟಾಗಿ ಉತ್ತರ ಬರೆಯಲು ಮನಸ್ಸು ಒಪ್ಪಲಿಲ್ಲ.

ಕೆಳಗಿನ ಕೇರಿಯವರು, ಹೊಳೆಯಂಚಿನವರು ಗಮನವಿಟ್ಟು ಓದಿ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿ, ಏನನ್ನೂ ಬಿಡದೆ. ಬರುವ ಕಡದ ದಿನ ನಾನು ಬೆಳಗಿನಿಂದ ಚೌಕದಲ್ಲಿ ಬಯಲಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಜನವರಿಗೆ ನನ್ನ ಮೇಲೆ ಬಾಕಿಯಿದ್ದರೆ ತೀರಿಸಿಕೊಳ್ಳಲಿ. ಬರುವವರು ಬನ್ನಿ.

ಇನ್ನು ಮೇಲೆ ಬಾಗಿಲು ಬಿಗಿಯಾದರೆ ಕೀಸಬೇಡಿ. ನನ್ನನ್ನೂ ಕರೆಯಬೇಡಿ. ತೆರೆದಷ್ಟರಲ್ಲೇ ನುಸುಳಿಕೊಂಡು ಹೊರಗೆ ಬನ್ನಿ, ಅವತ್ತು ಯಾವ ದಿನವಾದರೂ ಸರಿ.

ಮೆಜಿಯಾನ್
ಬಡಗಿ